ಪಕ್ಷಿವೀಕ್ಷಣೆ ಮತ್ತು ಈರ್ಯಾಸಮಿತಿ

ಹಕ್ಕಿಗಳನ್ನು ನೋಡಲೆಂದೇ ನಸುಕಿನಲ್ಲಿ ಎದ್ದು ಹೊರಡುವ ಶ್ರಾವಕನನ್ನು ಕಂಡರೆ ನಮ್ಮ ಸಮಾಜದ ಹಿರಿಯರು ಎರಡು ಪ್ರಶ್ನೆಗಳನ್ನು ಕೇಳುವುದುಂಟು. ಇದರಿಂದ ಆತ್ಮಕ್ಕೆ ಏನು ಹಿತ ಎಂಬುದು ಮೊದಲನೆಯದು. ನಡೆಯುವಾಗ ದೃಷ್ಟಿ ನೆಲದ ಮೇಲಿರಬೇಕೆಂದು ಶಾಸ್ತ್ರ ವಿಧಿಸಿರುವಾಗ, ತಲೆಯೆತ್ತಿ ಮರದ ತುದಿಯನ್ನು ನೋಡುತ್ತ ನಡೆಯುವುದು ಸರಿಯೆ ಎಂಬುದು ಎರಡನೆಯದು. ಎರಡನೆಯದನ್ನು ಕೇಳುವವರು ಸಾಮಾನ್ಯವಾಗಿ ನಗುತ್ತಲೇ ಕೇಳುತ್ತಾರೆ. ಆದರೆ ವಿಚಾರ ಮಾಡಿದಷ್ಟೂ ಅದೇ ಹೆಚ್ಚು ಗಂಭೀರವಾದ ಪ್ರಶ್ನೆಯೆಂದೂ, ಅದಕ್ಕೆ ಉತ್ತರ ದೊರೆತರೆ ಮೊದಲನೆಯದಕ್ಕೂ ದೊರೆಯುವುದೆಂದೂ ನನಗೆ ತೋರಿದೆ. ಮಾಘ ಮಾಸದ ಕೊನೆಯ ದಿನಗಳಲ್ಲಿ ಕುಮಟಾ, ಹೊನ್ನಾವರ ಮತ್ತು ಭಟ್ಕಳ ತಾಲ್ಲೂಕುಗಳ ಹಳ್ಳಿದಾರಿಗಳಲ್ಲಿ ಮೂರು ದಿನ ತಿರುಗಿದಾಗ ಈ ವಿಚಾರವೇ ನನ್ನ ಜೊತೆಗಿತ್ತು. ಅದನ್ನು ಧರ್ಮಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಐದು ಸಮಿತಿಗಳಲ್ಲಿ ಈರ್ಯಾಸಮಿತಿ ಮೊದಲನೆಯದು. ಸೂರ್ಯನ ಬೆಳಕಿನಲ್ಲಿ, ಜನರೂ ದನಗಳೂ ನಡೆದು ಸವೆದ ದಾರಿಯಲ್ಲಿ, ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡುತ್ತ, ಅವಸರವಿಲ್ಲದೆ ನಡೆಯಬೇಕೆಂಬುದು ಮುನಿಗಳಿಗೆ ವಿಧಿಸಿದ ನಿಯಮ. ಗೃಹಸ್ಥನಿಗೆ ಇದು ಆ ಕಟ್ಟುನಿಟ್ಟಿನಲ್ಲಿ ಅನ್ವಯಿಸದು. ಆದರೂ ಅಣುವ್ರತಿಯಾದವನು ಅದರ ಭಾವವನ್ನು ಬಿಡುವಂತಿಲ್ಲ. ನಿಯಮದ ತಿರುಳು ಸರಳ: ನೋಟ ಎಲ್ಲಿ ಬಿದ್ದಿದೆಯೋ ಅಲ್ಲಿಯೇ ಹೆಜ್ಜೆ ಬೀಳಬೇಕು. ನೋಡದ ನೆಲದ ಮೇಲೆ ಕಾಲಿಡುವುದು ಪ್ರಮಾದ. ಪ್ರಮಾದವಿದ್ದಲ್ಲಿ ಜೀವ ಸತ್ತರೂ ಸಾಯದಿದ್ದರೂ ಹಿಂಸೆಯ ದೋಷ ತಟ್ಟುತ್ತದೆ ಎಂಬುದು ನಮ್ಮ ಪೂರ್ವಾಚಾರ್ಯರ ಅಭಿಪ್ರಾಯ.

ಹಕ್ಕಿಗಳೆಲ್ಲವೂ ಮರದ ಮೇಲೆ ಇರುತ್ತವೆಂಬುದು ನೋಡದವರ ಕಲ್ಪನೆ. ನಮ್ಮ ಗದ್ದೆ ಬಯಲುಗಳಲ್ಲಿ ಕೂಗಿ ಕೂಗಿ ಎಲ್ಲರನ್ನೂ ಎಚ್ಚರಿಸುವ ಟಿಟ್ಟಿಭವು ಬರಿಯ ನೆಲದ ಮೇಲೆ ಮೊಟ್ಟೆಯಿಡುತ್ತದೆ. ಚಳಿ ಹಿಂದೆಗೆದು ಬಿಸಿಲು ಬಲಿಯುವ ಹೊತ್ತಿಗೆ ಅದರ ಸಂತಾನಕಾಲ ಆರಂಭವಾಗುತ್ತದೆ. ಸಾಮಾನ್ಯವಾಗಿ ನಾಲ್ಕು ಮೊಟ್ಟೆಗಳು. ಬಣ್ಣ ಸುತ್ತಲಿನ ಕಲ್ಲುಮಣ್ಣಿನದೇ. ಗೂಡೆಂದು ಹೇಳುವಂಥದೇನೂ ಇಲ್ಲ, ಒಂದು ತಗ್ಗು ಮತ್ತು ನಾಲ್ಕಾರು ಹರಳು. ಆಕಾಶದಲ್ಲಿ ಹಾರುವ ಹದ್ದನ್ನು ದುರ್ಬೀನಿನಲ್ಲಿ ಹಿಂಬಾಲಿಸುತ್ತ ನಡೆಯುವವನ ಕಾಲಿಗೆ ಈ ಮೊಟ್ಟೆಗಳು ಸಿಕ್ಕಬಹುದು. ಆದ್ದರಿಂದ ಹಿರಿಯರ ಆಕ್ಷೇಪಣೆ ನ್ಯಾಯವಾದುದೇ. ಅದಕ್ಕೆ ಪರಿಹಾರವೂ ಆ ನಿಯಮದಲ್ಲಿಯೇ ಇದೆ: ನಡೆಯುವಾಗ ನೆಲವನ್ನು ನೋಡಬೇಕು, ಹಕ್ಕಿಯನ್ನು ನೋಡಬೇಕೆನಿಸಿದಾಗ ನಿಲ್ಲಬೇಕು. ಎರಡನ್ನೂ ಒಟ್ಟಿಗೆ ಮಾಡಕೂಡದು. ಆಶ್ಚರ್ಯವೆಂದರೆ, ನುರಿತ ಪಕ್ಷಿವೀಕ್ಷಕರೂ ಹೊಸಬರಿಗೆ ಹೇಳಿಕೊಡುವುದು ಇದನ್ನೇ. ನಡೆಯುವವನಿಗಿಂತ ನಿಂತವನಿಗೆ ಹಕ್ಕಿಗಳು ಹೆಚ್ಚು ಕಾಣುತ್ತವೆ.

ಮೊದಲ ದಿನ ಕುಮಟಾ ತಾಲ್ಲೂಕಿನ ಅಘನಾಶಿನಿ ನದಿಯ ಅಳಿವೆಗೆ ಹೋಗಿದ್ದೆ. ಶಿರಸಿಯ ಕಡೆ ಹುಟ್ಟಿ ಘಟ್ಟವಿಳಿದು ಬರುವ ಈ ನದಿಗೆ ಇದುವರೆಗೆ ದೊಡ್ಡ ಅಣೆಕಟ್ಟನ್ನು ಕಟ್ಟಿಲ್ಲ. ಘಟ್ಟದ ಸಿಹಿನೀರು ತಡೆಯಿಲ್ಲದೆ ಬಂದು ಕಡಲಿನ ಉಪ್ಪುನೀರನ್ನು ಕೂಡುವ ಈ ವಿಶಾಲ ಪ್ರದೇಶವನ್ನು ಉಬ್ಬರ ಇಳಿತಗಳು ದಿನಕ್ಕೆ ಎರಡು ಬಾರಿ ತುಂಬಿ ಬರಿದು ಮಾಡುತ್ತವೆ. ಜೌಗು ಪ್ರದೇಶಗಳ ರಕ್ಷಣೆಗಾಗಿ ೧೯೭೧ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದಾಯಿತು. ಅದರ ಪಟ್ಟಿಗೆ ಅಘನಾಶಿನಿ ಅಳಿವೆಯ ೪೮೦೧ ಹೆಕ್ಟೇರ್ ಪ್ರದೇಶ ಸೇರಿದ ವಾರ್ತೆ ೨೦೨೪ರ ಜನವರಿ ಕೊನೆಯಲ್ಲಿ ಪ್ರಕಟವಾಯಿತು. ಕರ್ನಾಟಕದಿಂದ ಆ ಪಟ್ಟಿಗೆ ಮೊದಲು, ೨೦೨೨ರಲ್ಲಿ, ಸೇರಿದ್ದು ರಂಗನತಿಟ್ಟು. ಈ ಅಳಿವೆಯ ಅಂಚಿನ ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಉಪ್ಪನ್ನು ಸಹಿಸುವ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ತೂಬಿನ ಮೂಲಕ ಉಪ್ಪುನೀರು ಒಳಬಂದು ಗದ್ದೆಯೇ ಹಿನ್ನೀರಾಗುತ್ತದೆ. ಮಾಘದಲ್ಲಿ ಹೋದವನಿಗೆ ಕಾಣುವುದು ಕೂಳೆಗಳ ನಡುವೆ ನಿಂತ ನೀರು, ಆ ನೀರಿನಲ್ಲಿ ಮೌನವಾಗಿ ನಿಂತ ಬೆಳ್ಳಕ್ಕಿಗಳ ಸಾಲು.

ಇಳಿತದ ವೇಳೆಗೆ ಕೆಸರುಬಯಲು ತೆರೆದುಕೊಂಡಾಗ ವಲಸೆ ಹಕ್ಕಿಗಳು ಇಳಿದವು. ನೆಲಕ್ಕಂಟಿದಂತೆ ಓಡಾಡುವ ಸಣ್ಣ ಗೊರವಗಳು, ಕೆಂಪು ಕಾಲಿನ ಗೊರವಗಳು, ಕೊಕ್ಕು ಕೆಳಕ್ಕೆ ಬಿಲ್ಲಿನಂತೆ ಬಾಗಿದ ಕರ್ಲ್ಯೂ, ದೂರದ ಮರಳುದಿಬ್ಬದ ಮೇಲೆ ಕಂದುತಲೆಯ ಕಡಲಕ್ಕಿಗಳು. ಇವುಗಳಲ್ಲಿ ಕೆಲವು ಲಡಾಖ್ ಮತ್ತು ಟಿಬೆಟ್ಟಿನ ಎತ್ತರದ ಸರೋವರಗಳಿಂದ, ಕೆಲವು ಸೈಬೀರಿಯದಿಂದ ಬಂದವು. ಇನ್ನು ಕೆಲವು ವಾರಗಳಲ್ಲಿ ಅವು ಉತ್ತರಕ್ಕೆ ಹೊರಡಬೇಕು. ಆ ದೀರ್ಘ ಪ್ರಯಾಣಕ್ಕೆ ಅವುಗಳ ಬುತ್ತಿ ಯಾವುದು? ಈ ದಿನಗಳಲ್ಲಿ ಕೆಸರಿನಿಂದ ಹೆಕ್ಕಿ ತಿಂದು ದೇಹದಲ್ಲಿ ಕೊಬ್ಬಾಗಿ ಕೂಡಿಟ್ಟುಕೊಂಡದ್ದೇ ಬುತ್ತಿ. ಇಳಿತದ ಹೊತ್ತು ಕೆಲವೇ ತಾಸು. ಆ ಹೊತ್ತಿನಲ್ಲಿ ಒಮ್ಮೆ ಬೆದರಿ ಹಾರಿದರೆ ತಿನ್ನುವ ಸಮಯವೂ ನಷ್ಟ, ಕೂಡಿಟ್ಟ ಬಲವೂ ವ್ಯಯ. ಒಂದು ಸಲಕ್ಕೆ ಇದು ಅಲ್ಪವೆನಿಸಬಹುದು. ದಿನಕ್ಕೆ ಹತ್ತು ಸಲವಾದರೆ ಅಲ್ಪವಲ್ಲ.

ನಾನು ಕಟ್ಟಿನ ಮೇಲೆ ನಿಂತಿದ್ದಾಗ ಪಟ್ಟಣದಿಂದ ಬಂದಿದ್ದ ಇಬ್ಬರು ತರುಣರು ಹಿಂಡಿನ ಕಡೆಗೆ ಮಣ್ಣಹೆಂಟೆ ಎಸೆದರು. ಹಿಂಡು ಒಮ್ಮೆಗೇ ಮೇಲೆದ್ದಾಗ ಚಿತ್ರ ತೆಗೆಯುವುದು ಅವರ ಉದ್ದೇಶ. ಹಿಂಡು ಎದ್ದಿತು, ಸುತ್ತು ಹೊಡೆಯಿತು, ನೋಡಲು ನಿಜಕ್ಕೂ ಮನೋಹರವಾಗಿತ್ತು. ಚಿತ್ರ ಸರಿ ಬರಲಿಲ್ಲವೆಂದು ಅವರು ಮತ್ತೊಮ್ಮೆ ಎಸೆದರು. ದೋಣಿಯನ್ನು ದಂಡೆಗೆ ಕಟ್ಟುತ್ತಿದ್ದ ವೃದ್ಧ ಅಂಬಿಗನೊಬ್ಬ ನನ್ನ ಕಡೆ ತಿರುಗಿ, "ನೋಡಿ ಮಾಸ್ತರ್ರೇ, ಉಂಬವ್ರ ಮುಂದಿನ ಎಲೆ ಎಳೀತ್ರು. ಇವ್ರಿಗೇನು ಹೊಟ್ಟೆ ತುಂಬ್ತದ್ಯೇ?" ಎಂದ. ತರುಣರಿಗೂ ಅದು ಕೇಳಿಸಿರಬೇಕು. ಮೂರನೆಯ ಹೆಂಟೆ ಬೀಳಲಿಲ್ಲ.

ಶ್ರಾವಕಾಚಾರ ಗ್ರಂಥಗಳು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತವೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧ ಎಂದರೆ ಹೊಡೆಯುವುದು. ಕೊನೆಯದಾದ ಅನ್ನಪಾನನಿರೋಧವನ್ನು ನಾವು ಕಟ್ಟಿಹಾಕಿದ ದನಕ್ಕೆ ಹುಲ್ಲುನೀರು ಕೊಡದಿರುವುದು ಎಂದಷ್ಟೇ ಅರ್ಥ ಮಾಡಿಕೊಂಡಿದ್ದೇವೆ. ಅಕ್ಷರವಿಲ್ಲದ ಅಂಬಿಗ ಅದರ ಪೂರ್ಣಾರ್ಥವನ್ನು ಒಂದೇ ವಾಕ್ಯದಲ್ಲಿ ಹೇಳಿದ. ತಿನ್ನುತ್ತಿರುವ ಜೀವವನ್ನು ಎಬ್ಬಿಸುವುದು ಅನ್ನಪಾನನಿರೋಧ. ಪ್ರಯೋಜನವಿಲ್ಲದೆ ಎಬ್ಬಿಸುವುದು ಅನರ್ಥದಂಡವೂ ಹೌದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿಂಗಡಿಸಿದ್ದಾರೆ. ಸುಮ್ಮಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಗಿಡ ಕೀಳುವುದು ಮೊದಲಾದ ಪ್ರಮಾದಚರ್ಯೆ ಅವುಗಳಲ್ಲಿ ಒಂದು. ಚಿತ್ರಕ್ಕಾಗಿ ಹಿಂಡನ್ನು ಹಾರಿಸುವುದನ್ನು ಆ ಸಾಲಿಗೆ ಸೇರಿಸಲು ಯಾವ ಸಂಕೋಚವೂ ಬೇಕಿಲ್ಲ.

ಅದೇ ಕೆಸರಿನಲ್ಲಿ ಮೊಣಕಾಲುದ್ದ ನಿಂತು ಬಳಚು ಹೆಕ್ಕುತ್ತಿದ್ದ ಹೆಂಗಸರಿದ್ದರು. ಅವರ ಹತ್ತಿರದಲ್ಲಿಯೇ ಹಕ್ಕಿಗಳು ನಿರ್ಭಯವಾಗಿ ಮೇಯುತ್ತಿದ್ದವು. ನಮ್ಮ ದೃಷ್ಟಿಯಲ್ಲಿ ಬಳಚು ಸಹ ತ್ರಸಜೀವಿಯೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಮನೆಯ ಒಲೆ ಉರಿಸಲು ಬಂದವರನ್ನು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ನಮ್ಮ ತಕ್ಕಡಿ ನಮ್ಮನ್ನು ತೂಗುವುದಕ್ಕೆ ಇರುವುದು. ಹೊಟ್ಟೆಪಾಡಿನ ಕಾರಣವೂ ಇಲ್ಲದೆ ವಿನೋದಕ್ಕಾಗಿ ಅಲ್ಲಿಗೆ ಹೋಗುವ ನಮ್ಮಂಥವರ ಹೊಣೆ ಅವರದಕ್ಕಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಎರಡನೆಯ ದಿನ ಹೊನ್ನಾವರ. ಶರಾವತಿಯ ಮುಖಜಭೂಮಿಯಲ್ಲಿ ಕಾಂಡ್ಲಾ ವನಗಳ ನಡುವೆ ಜನರು ನಡೆಯಲೆಂದು ಮರದ ಹಲಗೆಯ ದಾರಿಯನ್ನು ಮಾಡಿದ್ದಾರೆ. ಬೇರುಗಳನ್ನು ತುಳಿಯದೆ, ಕೆಸರಿನ ಏಡಿಗಳ ಬಿಲಗಳನ್ನು ಕುಸಿಯದೆ ಒಳಹೋಗಲು ಅದು ಅನುಕೂಲ. ಈರ್ಯಾಸಮಿತಿಯನ್ನು ಬಡಗಿಯೊಬ್ಬ ಕಟ್ಟಿಕೊಟ್ಟಂತಿದೆ ಎಂದುಕೊಂಡೆ. ಅಲ್ಲಿ ನಿಂತಿದ್ದಾಗ ಡೇಗೆಯೊಂದು ನೀರಿಗೆರಗಿ ಮೀನನ್ನು ಎತ್ತಿಕೊಂಡು ಹೋಯಿತು. ಹಕ್ಕಿ ನೋಡುವ ಜೈನನಿಗೆ ಇದು ತಪ್ಪದೆ ಎದುರಾಗುವ ದೃಶ್ಯ. ಕಣ್ಣು ಮುಚ್ಚಿಕೊಳ್ಳಬೇಕೆ? ಮೀನಿಗಾಗಿ ಮರುಗಿ ಹಕ್ಕಿಯನ್ನು ದ್ವೇಷಿಸಬೇಕೆ?

ನಮ್ಮ ಪರಂಪರೆ ಈ ಪ್ರಶ್ನೆಯಿಂದ ತಪ್ಪಿಸಿಕೊಂಡಿಲ್ಲ. ಶ್ವೇತಾಂಬರ ಪರಂಪರೆಯಲ್ಲಿ ಅನಂತನಾಥ ತೀರ್ಥಂಕರರ ಲಾಂಛನ ಶ್ಯೇನ, ಎಂದರೆ ಬೇಟೆಯ ಹಕ್ಕಿ. ರವಿಷೇಣಾಚಾರ್ಯರ ಪದ್ಮಪುರಾಣದಲ್ಲಿ ಜಟಾಯು ಮುನಿದರ್ಶನದಿಂದ ಪೂರ್ವಭವವನ್ನು ನೆನೆದು ವ್ರತ ಸ್ವೀಕರಿಸಿದ ಪಕ್ಷಿ. ಭಗವಾನ್ ಮಹಾವೀರರ ಜೀವವೇ ಹಿಂದೊಂದು ಭವದಲ್ಲಿ ಸಿಂಹವಾಗಿದ್ದು ಧರ್ಮೋಪದೇಶ ಪಡೆಯಿತೆಂದು ಪುರಾಣಗಳು ಹೇಳುತ್ತವೆ. ಬೇಟೆಯಾಡುವ ಜೀವವೂ ಸಂಸಾರದ ಹಾದಿಯಲ್ಲಿರುವ ಭವ್ಯಜೀವವಾಗಿರಬಹುದು. ದೆಹಲಿಯ ಚಾಂದನಿ ಚೌಕದ ಲಾಲ್ ಮಂದಿರದ ಆವರಣದಲ್ಲಿ ನಮ್ಮ ಸಮಾಜ ನಡೆಸುವ ಪಕ್ಷಿಗಳ ಆಸ್ಪತ್ರೆಯಲ್ಲಿ ಮಾಂಸಾಹಾರಿ ಹಕ್ಕಿಗಳನ್ನು ಒಳಗೆ ಇರಿಸಿಕೊಳ್ಳುವ ಪದ್ಧತಿಯಿಲ್ಲ; ಆದರೆ ಗಾಯಗೊಂಡು ಬಂದ ಹದ್ದಿಗೂ ಮದ್ದು ಹಾಕಿಯೇ ಕಳಿಸುತ್ತಾರೆ. ದ್ವೇಷವಿಲ್ಲದೆ, ಅನುಮೋದನೆಯೂ ಇಲ್ಲದೆ ನೋಡುವುದು ಸಾಧ್ಯ. ಆತ್ಮದ ಸ್ವಭಾವವೇ ತಿಳಿಯುವುದು ಮತ್ತು ನೋಡುವುದು ಎಂದು ಪ್ರವಚನಗಳಲ್ಲಿ ಕೇಳುತ್ತೇವಲ್ಲವೆ? ಅದರ ಒಂದು ಸಣ್ಣ ಅಭ್ಯಾಸ ನದಿಯ ದಂಡೆಯಲ್ಲಿಯೂ ನಡೆಯಬಹುದು.

ಮಧ್ಯಾಹ್ನದ ಹೊತ್ತಿಗೆ ಗೇರುಸೊಪ್ಪೆಯನ್ನು ತಲಪಿದೆ. ಸಾಳುವ ಅರಸರ ರಾಜಧಾನಿಯಾಗಿದ್ದು, ರಾಣಿ ಚೆನ್ನಭೈರಾದೇವಿಯ ಹೆಸರಿನಿಂದ ಪ್ರಸಿದ್ಧವಾದ ಈ ಊರಿನ ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿ ಕಾಡಿನ ನಡುವೆ ನಿಂತಿದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ನಾಲ್ಕು ಜಿನಬಿಂಬ. ಒಂದು ಕಾಲದಲ್ಲಿ ಮೆಣಸಿನ ವ್ಯಾಪಾರಿಗಳಿಂದ ತುಂಬಿದ್ದ ನಗರವಿದ್ದೆಡೆ ಈಗ ಮರಗಳಿವೆ. ದರ್ಶನ ಮುಗಿಸಿ ಹೊರಗೆ ಕುಳಿತಾಗ ಮೇಲೆ ಗಾಳಿಯನ್ನು ಸೀಳಿದಂಥ ಭಾರವಾದ ರೆಕ್ಕೆಸದ್ದು ಕೇಳಿತು. ನೋಡುವ ಮೊದಲೇ ಮಂಗಟ್ಟೆಯೆಂದು ತಿಳಿಯಿತು. ಈ ಹಕ್ಕಿಯ ಗೃಹಸ್ಥಾಶ್ರಮ ವಿಸ್ಮಯಕರವಾದುದು. ಚಳಿಗಾಲದ ಕೊನೆಯಲ್ಲಿ ಹೆಣ್ಣು ಹಳೆಯ ಹೆಮ್ಮರದ ಪೊಟರೆಯೊಳಗೆ ಸೇರಿ ಬಾಗಿಲನ್ನು ಒಂದು ಸೀಳಿನಷ್ಟು ಮಾತ್ರ ಬಿಟ್ಟು ಮುಚ್ಚಿಕೊಳ್ಳುತ್ತದೆ. ಮರಿಗಳು ಬಲಿಯುವವರೆಗೆ, ತಿಂಗಳುಗಟ್ಟಲೆ, ಗಂಡು ಹಣ್ಣುಗಳನ್ನು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಗಂಡು ಹಾರಿ ಬರದಿದ್ದರೆ ಒಳಗಿನ ಸಂಸಾರಕ್ಕೆ ಆಪತ್ತು. ಪೊಟರೆಯಾಗುವಷ್ಟು ಹಳೆಯದಾದ ಮರ ಉಳಿಯದಿದ್ದರೆ ಸಂಸಾರವೇ ಹೂಡದು. ಬಸದಿಯ ಆವರಣದ ಮುದಿಮರವನ್ನು "ಟೊಳ್ಳಾಗಿದೆ" ಎಂಬ ಕಾರಣಕ್ಕೆ ಕಡಿಯುವ ಮೊದಲು ನೆನೆಯಬೇಕಾದ ಸಂಗತಿಯಿದು. ಆ ಟೊಳ್ಳೇ ಒಂದು ಮನೆ.

ಸದ್ದಿನಿಂದ ಹಕ್ಕಿಯನ್ನು ಗುರುತಿಸಿದಾಗಲೆಲ್ಲ ನನಗೆ ಜನ್ನ ಮಹಾಕವಿಯ ಯಶೋಧರ ಚರಿತೆ ನೆನಪಾಗುತ್ತದೆ. ೧೨೦೯ರಲ್ಲಿ ರಚಿತವಾದ ಆ ಕಾವ್ಯದ ಕಥೆಯನ್ನು ಅರಿಯದ ಜೈನ ಮನೆ ನಮ್ಮಲ್ಲಿ ವಿರಳ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪದೋಷದಿಂದ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ತೊಳಲಿ ಕಡೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಅವುಗಳ ಕೂಗನ್ನು ಕೇಳಿದ ಅರಸ, ತನ್ನ ಶಬ್ದವೇಧಿ ವಿದ್ಯೆಯನ್ನು ರಾಣಿಗೆ ತೋರಿಸಲೆಂದು ಸದ್ದು ಬಂದ ಕಡೆಗೆ ಬಾಣ ಬಿಡುತ್ತಾನೆ. ಸತ್ತವು ಅವನ ತಂದೆ ಮತ್ತು ಅಜ್ಜಿಯ ಜೀವಗಳು. ಕಿವಿಯ ಆ ಸೂಕ್ಷ್ಮತೆ ಅರಸನಿಗೂ ಇತ್ತು, ಕಾಡಿನಲ್ಲಿ ಕುಳಿತ ಸಾಮಾನ್ಯ ಪಕ್ಷಿವೀಕ್ಷಕನಿಗೂ ಇದೆ. ವಿದ್ಯೆಯೊಂದೇ. ಅದು ಜೀವವನ್ನು ತಿಳಿಯುವುದಕ್ಕೋ, ತನ್ನನ್ನು ಮೆರೆಸುವುದಕ್ಕೋ ಎಂಬುದರ ಮೇಲೆ ಫಲ ನಿಂತಿದೆ.

ಮೂರನೆಯ ದಿನ ಭಟ್ಕಳ ಪಟ್ಟಣದ ಜಟ್ಟಪ್ಪ ನಾಯಕನ ಚಂದ್ರನಾಥೇಶ್ವರ ಬಸದಿಯ ದರ್ಶನ ಮಾಡಿ ಹಾಡುವಳ್ಳಿಯ ಕಡೆಗೆ ಹೊರಟೆ. ಸಂಗೀತಪುರವೆಂದು ಹೆಸರಾಗಿದ್ದ ಈ ಹಳ್ಳಿ ಈಗ ಅಡಿಕೆ ತೋಟಗಳ, ಗುಡ್ಡಗಳ ನಡುವೆ ಶಾಂತವಾಗಿದೆ. ೧೬೦೪ರಲ್ಲಿ ಕರ್ಣಾಟಕ ಶಬ್ದಾನುಶಾಸನವನ್ನು ಪೂರ್ಣಗೊಳಿಸಿದ ಭಟ್ಟಾಕಳಂಕನು ಹಾಡುವಳ್ಳಿಯ ಮಠದ ಅಕಳಂಕದೇವರ ಶಿಷ್ಯ. ಕನ್ನಡದ ಶಬ್ದಗಳಿಗೆ ಸಂಸ್ಕೃತ ಸೂತ್ರಗಳಲ್ಲಿ ವ್ಯವಸ್ಥೆ ಮಾಡಿಕೊಟ್ಟ ಆ ಪಂಡಿತನನ್ನು ನೆನೆಯುತ್ತ ತೋಟದ ದಾರಿಯಲ್ಲಿ ನಡೆದಾಗ ಕುಟ್ರುಹಕ್ಕಿ ಬಿಡದೆ ಕೂಗುತ್ತಿತ್ತು, ಕಾಜಾಣ ತಂತಿಯ ಮೇಲಿತ್ತು, ಸಂಕದ ಕೆಳಗೆ ಮಿಂಚುಳ್ಳಿ ಕುಳಿತಿತ್ತು. ಇವೆಲ್ಲ ನಮ್ಮ ಜನ ಕೊಟ್ಟ ಹೆಸರುಗಳು. ಹೆಸರಿಡಬೇಕಾದರೆ ಯಾರೋ ನಿಂತು ನೋಡಿರಬೇಕು, ಕೇಳಿರಬೇಕು. ಯಾರೆಂದು ತಿಳಿಯದ ಆ ನೋಡುಗರೂ ಒಂದು ಬಗೆಯ ಶಬ್ದಾನುಶಾಸನವನ್ನೇ ಮಾಡಿದರು.

ಈ ಜಿಲ್ಲೆಯ ಹಕ್ಕಿಗಳ ಮೊದಲ ವಿಸ್ತಾರವಾದ ಪಟ್ಟಿಗಳಲ್ಲೊಂದನ್ನು ಬರೆದವನು ಇಲ್ಲಿ ಕಲೆಕ್ಟರ್ ಆಗಿದ್ದ ಡೇವಿಡ್ಸನ್ ಎಂಬ ಆಂಗ್ಲ ಅಧಿಕಾರಿ. ಉತ್ತರ ಕನ್ನಡದ ಹಕ್ಕಿಗಳನ್ನು ಕುರಿತ ಅವನ ಲೇಖನ ೧೮೯೮ರಲ್ಲಿ ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಕಾಲದ ಪಕ್ಷಿಶಾಸ್ತ್ರದ ಸಾಧನ ಬಂದೂಕು. ಹಕ್ಕಿಯನ್ನು ಹೊಡೆದು ಕೈಯಲ್ಲಿ ಹಿಡಿದು ಗುರುತಿಸುವುದು, ಮೊಟ್ಟೆಗಳನ್ನು ತೆಗೆದು ಕಪಾಟಿನಲ್ಲಿ ಜೋಡಿಸುವುದು ವಿದ್ವತ್ತೆನಿಸಿತ್ತು. ಇಂದು ನಮ್ಮ ಬಳಿ ಒಳ್ಳೆಯ ದುರ್ಬೀನುಗಳಿವೆ, ಸಚಿತ್ರ ಕೈಪಿಡಿಗಳಿವೆ, ಕೂಗುಗಳ ಧ್ವನಿಮುದ್ರಿಕೆಗಳಿವೆ. ಒಂದು ರೋಮಕ್ಕೂ ಅಪಾಯವಾಗದಂತೆ ಜ್ಞಾನವನ್ನು ಪಡೆಯುವುದು ಸಾಧ್ಯವಾಗಿದೆ. ಜೈನನು ಸಂತೋಷಪಡಬೇಕಾದ ಬದಲಾವಣೆಯಿದು. ಆದರೆ ಬಂದೂಕು ಹೋದರೂ ಬೇಟೆಯ ಮನಸ್ಸು ಸುಲಭವಾಗಿ ಹೋಗುವುದಿಲ್ಲ. ಇಷ್ಟು ಜಾತ್ಯಂತರಗಳನ್ನು ಕಂಡೆನೆಂಬ ಪಟ್ಟಿ, ಇತರರಿಗಿಂತ ಒಂದು ಹೆಚ್ಚು ಕಾಣಬೇಕೆಂಬ ತವಕ, ಮುದ್ರಿತ ಕೂಗನ್ನು ಕೇಳಿಸಿ ಗೂಡಿನ ಹಕ್ಕಿಯನ್ನು ಮೋಸದಿಂದ ಹೊರಕ್ಕೆ ಕರೆಯುವುದು, ಇವೆಲ್ಲವೂ ಮೂರ್ಛೆಯ ರೂಪಗಳೇ. ಪರಿಗ್ರಹಪರಿಮಾಣ ವ್ರತ ಹಣಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಆ ಮೂರು ದಿನ ನಾನು ಪಟ್ಟಿ ಬರೆಯಲಿಲ್ಲ. ಕಂಡದ್ದು ಕಡಿಮೆಯಾಯಿತೆಂದು ಅನ್ನಿಸಲೂ ಇಲ್ಲ.

ಸಂಜೆ ಮುರ್ಡೇಶ್ವರದ ಕಡಲತಡಿಯಿಂದ ದಿಗಂತದ ಕಡೆ ನೋಡುತ್ತ ನಿಂತೆ. ಅಲ್ಲಿಂದ ಸುಮಾರು ೧೯ ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಇಂಗ್ಲಿಷ್ ನಕ್ಷೆಗಳಲ್ಲಿ ಅದರ ಹೆಸರು ಪಾರಿವಾಳದ ದ್ವೀಪ. ಬಿಳಿಹೊಟ್ಟೆಯ ಕಡಲಹದ್ದುಗಳಿಗೆ ಅದು ಮುಖ್ಯ ಗೂಡುತಾಣ. ಅದೇ ದ್ವೀಪವನ್ನು ನೌಕಾಪಡೆಯ ಗುರಿಯಭ್ಯಾಸಕ್ಕೂ ಬಳಸಲಾಗಿತ್ತು. ಅದನ್ನು ನಿಲ್ಲಿಸಬೇಕೆಂದು ಪ್ರಾಣಿಪಕ್ಷಿಪ್ರಿಯರು ಕೇಳಿಕೊಂಡದ್ದೂ ಉಂಟು. ದೇಶರಕ್ಷಣೆಯ ಕಾರ್ಯವನ್ನು ಲಘುವಾಗಿ ನೋಡುವುದು ನನ್ನ ಉದ್ದೇಶವಲ್ಲ. ಅಲ್ಲಿ ಗೂಡುಗಳಿವೆಯೆಂದು ಯಾರಾದರೂ ಹೋಗಿ ನೋಡಿ ಬಂದು ಹೇಳದಿದ್ದರೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ ಎಂಬುದನ್ನಷ್ಟೇ ಗಮನಕ್ಕೆ ತರುತ್ತೇನೆ. ನೋಡದವನಿಗೆ ಅದು ಬರಿಯ ಬಂಡೆ.

ನೋಟವೂ ತಿಳಿವಳಿಕೆಯೂ ಇಲ್ಲದ ದಯೆ ಏನು ಮಾಡಬಲ್ಲದೆಂಬುದಕ್ಕೆ ನಮ್ಮ ಕಾಲದಲ್ಲಿಯೇ ದಾರುಣವಾದ ದೃಷ್ಟಾಂತವಿದೆ. ತತ್ತ್ವಾರ್ಥಸೂತ್ರದ ಕರ್ತೃಗಳಾದ ಉಮಾಸ್ವಾಮಿಗಳಿಗೆ ಗೃಧ್ರಪಿಂಛಾಚಾರ್ಯರೆಂದು ಹೆಸರು. ಅವರ ಶಿಷ್ಯರು ಬಲಾಕಪಿಂಛರು. ಶ್ರವಣಬೆಳಗೊಳದ ಶಾಸನಗಳಲ್ಲಿ ಈ ಹೆಸರುಗಳಿವೆ. ಒಬ್ಬರ ಹೆಸರಿನಲ್ಲಿ ಹದ್ದಿನ ಗರಿ, ಒಬ್ಬರ ಹೆಸರಿನಲ್ಲಿ ಕೊಕ್ಕರೆಯ ಗರಿ. ಆ ಗೃಧ್ರಗಳು, ಎಂದರೆ ರಣಹದ್ದುಗಳು, ೧೯೯೦ರ ದಶಕದಿಂದ ಹದಿನೈದೇ ವರ್ಷಗಳಲ್ಲಿ ಭಾರತದಿಂದ ಬಹುಮಟ್ಟಿಗೆ ಅಳಿದುಹೋದವು. ಒಂದು ಬಗೆಯವಂತೂ ನೂರಕ್ಕೆ ತೊಂಬತ್ತೊಂಬತ್ತಕ್ಕಿಂತ ಹೆಚ್ಚು. ಕಾರಣ ವಿಷಪ್ರಯೋಗವಲ್ಲ, ಬೇಟೆಯಲ್ಲ. ದನಗಳ ನೋವು ಶಮನಕ್ಕೆಂದು ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧ. ಅದನ್ನು ಪಡೆದು ಸತ್ತ ದನದ ಶವವನ್ನು ತಿಂದ ರಣಹದ್ದುಗಳ ಮೂತ್ರಪಿಂಡಗಳು ಕೆಟ್ಟವು. ಸರ್ಕಾರ ೨೦೦೬ರಲ್ಲಿ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಅದೇ ಬಗೆಯ ಅಪಾಯವುಳ್ಳ ಕೀಟೊಪ್ರೊಫೇನ್ ಮತ್ತು ಅಸೆಕ್ಲೊಫೆನಾಕ್ ಔಷಧಗಳಿಗೆ ೨೦೨೩ರಲ್ಲಿ ನಿಷೇಧ ಬಂತು. ರಣಹದ್ದುಗಳಿಗೆ ಹಾನಿಯಿಲ್ಲದ ಮೆಲಾಕ್ಸಿಕಾಮ್ ದೊರೆಯುತ್ತದೆ. ಗೋಶಾಲೆಗಳನ್ನು ನಡೆಸುವ ನಮ್ಮ ಟ್ರಸ್ಟುಗಳು ತಮ್ಮ ಪಶುವೈದ್ಯರೊಡನೆ ಈ ಒಂದು ವಿಷಯವನ್ನು ಖಚಿತಪಡಿಸಿಕೊಳ್ಳಬೇಕು. ಸೂಜಿ ಚುಚ್ಚಿದವರ ಮನಸ್ಸಿನಲ್ಲಿ ದಯೆಯೇ ಇತ್ತು. ಆ ದಯೆಗೆ ನಾಲ್ಕು ಮೊಳ ಮುಂದಿನದು ಕಾಣಲಿಲ್ಲ.

ಕೊನೆಯದಾಗಿ ನಮ್ಮ ಸೀಮೆಯ ಒಂದು ಬಸದಿಯಲ್ಲಿ ನಡೆದ ವಿಚಾರ. ಜೀರ್ಣೋದ್ಧಾರದ ಕೆಲಸಕ್ಕೆ ಮುಹೂರ್ತವಿಟ್ಟಾಗ, ಮೇಲ್ಛಾವಣಿಯ ಸಂದಿನಲ್ಲಿ ಕಣಜಗೂಬೆಯ ಜೋಡಿ ಮರಿಮಾಡಿರುವುದು ಕೆಲಸಗಾರರಿಗೆ ಕಂಡಿತು. ಆಡಳಿತ ಮಂಡಲಿಯ ಸಭೆಗೆ ನನ್ನನ್ನೂ ಕರೆದಿದ್ದರು. ಸಂದನ್ನು ಗಾರೆಯಿಂದ ಅಂದೇ ಮುಚ್ಚಬೇಕೆಂಬುದು ಹಲವರ ಮಾತು. ಅವರದು ಬರಿಯ ಅಪಶಕುನದ ಭಯವಾಗಿರಲಿಲ್ಲ. ಗರ್ಭಗೃಹದ ಸನಿಹದಲ್ಲಿ ಹಿಕ್ಕೆ, ಇಲಿಯ ಮೂಳೆ ಬೀಳುವುದು ಬಿಂಬಕ್ಕೆ ಆಶಾತನವಲ್ಲವೆ ಎಂದು ಅವರು ಪ್ರಾಮಾಣಿಕವಾಗಿಯೇ ಕೇಳಿದರು. ಈ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಬಿಂಬದ ಶುದ್ಧಿಯೂ ಧರ್ಮ, ಜೀವದ ರಕ್ಷಣೆಯೂ ಧರ್ಮ. ಚರ್ಚೆ ಬಹಳ ಹೊತ್ತು ನಡೆಯಿತು. ಆಗ ಹಿರಿಯ ಶ್ರಾವಿಕೆಯೊಬ್ಬರು, "ಅಭಿಷೇಕದ ನೀರನ್ನು ನಾವು ಸೋಸುವುದು ಕಣ್ಣಿಗೆ ಕಾಣದ ಜೀವಕ್ಕಾಗಿ. ಕಂಡದ್ದನ್ನು ಗೋಡೆಯೊಳಗೆ ಹಾಕಿ ಮುಚ್ಚಿ, ನಾಳೆ ಅದೇ ಕೈಯಲ್ಲಿ ನೀರು ಸೋಸುವುದು ಹೇಗಪ್ಪ?" ಎಂದರು. ಮತ್ತೆ ಯಾರೂ ಮಾತಾಡಲಿಲ್ಲ.

ಎರಡು ತಿಂಗಳು ಆ ಭಾಗದ ಕೆಲಸ ನಿಂತಿತು. ಸಂದಿನ ಕೆಳಗೆ ಹಲಗೆ ಕಟ್ಟಿ ಪ್ರತಿದಿನ ಶುಚಿಮಾಡುವ ಏರ್ಪಾಡಾಯಿತು. ಮರಿಗಳು ಹಾರಿಹೋದದ್ದನ್ನು ಕಂಡು ದೃಢಪಡಿಸಿಕೊಂಡ ಮೇಲೆ ಸಂದನ್ನು ಮುಚ್ಚಿದರು. ಆವರಣದ ಹಿಂದಿನ ಮರಕ್ಕೆ ಮರದ ಪೆಟ್ಟಿಗೆಯೊಂದನ್ನು ಕಟ್ಟಿದರು. ಗೂಬೆಗಳು ಅದನ್ನು ಇನ್ನೂ ಒಪ್ಪಿಕೊಂಡಿಲ್ಲ. ಕೆಲಸ ತಡವಾದುದರಿಂದ ಖರ್ಚು ಸ್ವಲ್ಪ ಏರಿತು, ಕೆಲವರ ಅಸಮಾಧಾನವೂ ಪೂರ್ತಿ ಹೋಗಿಲ್ಲ. ಅಹಿಂಸೆಗೆ ಬೆಲೆಯಿದೆ, ಅದನ್ನು ತೆರಬೇಕಾಗುತ್ತದೆ.

ಆದ್ದರಿಂದ ಬಸದಿಗಳ ಆಡಳಿತ ಮೊಕ್ತೇಸರರಲ್ಲಿ ಮತ್ತು ಗೃಹಸ್ಥರಲ್ಲಿ ನನ್ನ ವಿನಂತಿ ಇಷ್ಟು. ಐದು ಅತಿಚಾರಗಳನ್ನು ಹಕ್ಕಿಗಳ ವಿಷಯದಲ್ಲಿಯೂ ಓದಿಕೊಳ್ಳೋಣ. ನಮ್ಮ ನಾಡಿನ ಗಿಳಿಯನ್ನು ಪಂಜರದಲ್ಲಿಡುವುದು ಬಂಧ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ಅದರ ರೆಕ್ಕೆ ಕತ್ತರಿಸುವುದು ಛೇದ. ಗದ್ದೆಯ ಹಿಂಡಿಗೆ ಕಲ್ಲೆಸೆಯುವ ಮಕ್ಕಳನ್ನು ನೋಡಿಯೂ ಸುಮ್ಮನಿರುವುದು ವಧಕ್ಕೆ ಅನುಮೋದನೆ. ದುರಸ್ತಿಗೆ ಮೊದಲು ಛಾವಣಿ, ಗೋಡೆಯ ಸಂದು, ಹಳೆಯ ಮರಗಳನ್ನು ಒಬ್ಬರು ನಿಂತು ನೋಡಿ ಗೂಡಿಲ್ಲವೆಂದು ತಿಳಿಸುವ ಪದ್ಧತಿಯನ್ನು ಇಟ್ಟುಕೊಳ್ಳೋಣ. ಬಸದಿಯ ಭೂಮಿಯಲ್ಲಿ ಜೌಗು ಅಥವಾ ಕೆರೆಯಿದ್ದರೆ ಅದನ್ನು ಮಣ್ಣು ಹಾಕಿ ಸಮಮಾಡುವುದು ಎಷ್ಟೋ ಜೀವಗಳಿಗೆ ಅನ್ನಪಾನನಿರೋಧ ಎಂಬುದನ್ನು ನಿರ್ಣಯ ಬರೆಯುವ ಮೊದಲು ನೆನೆಯೋಣ.

ದಿಗಂಬರ ಪರಂಪರೆಯಲ್ಲಿ ಐದನೆಯ ತೀರ್ಥಂಕರರಾದ ಸುಮತಿನಾಥರ ಲಾಂಛನ ಚಕ್ರವಾಕ. ಲಡಾಖ್, ಟಿಬೆಟ್ ಕಡೆಯಿಂದ ಚಳಿಗಾಲದಲ್ಲಿ ನಮ್ಮ ಒಳನಾಡಿನ ಕೆರೆಗಳಿಗೆ ಬಂದು ಬೇಸಗೆಗೆ ಮೊದಲು ಮರಳುವ ಹೊಂಬಣ್ಣದ ಹಕ್ಕಿಯದು. ನಮ್ಮಲ್ಲಿ ಅನೇಕರು ಅದನ್ನು ಪೀಠದ ಕಲ್ಲಿನಲ್ಲಿ ನೋಡಿ ಕೈಮುಗಿದಿದ್ದೇವೆ, ನೀರಿನಲ್ಲಿ ನೋಡಿಲ್ಲ. ಮುಂದಿನ ಚಳಿಗಾಲದಲ್ಲಿ ಮಕ್ಕಳನ್ನು ಒಂದು ಕೆರೆಯ ಏರಿಗೆ ಕರೆದುಕೊಂಡು ಹೋಗಿ, ದೂರದಲ್ಲಿ ನಿಲ್ಲಿಸಿ, ಸದ್ದು ಮಾಡದೆ ಅದನ್ನು ತೋರಿಸಿರಿ. ಹೋಗುವಾಗಲೂ ಬರುವಾಗಲೂ ಅವರು ನೆಲ ನೋಡಿ ನಡೆಯಲಿ.